ಕೊಗ್ಗನ ಬಂಡೆ ಮತ್ತು ಮಣಿ ಕಟ್ಟಿದ ಮೀನು

ಬಹಳ ಹಿಂದೆ, ನದಿ ಹೋಗಿ ಕಡಲನ್ನು ಸೇರುವ ಜಾಗದಲ್ಲಿ, ಅಳಿವೆನಾಡು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ದಿನ, ಬೆಳಗ್ಗೆ ಸತ್ತ ಮೀನೊಂದು ಸಂಜೆಯೊಳಗೆ ಎರಡೂವರೆ ಗೇಣು ಬೆಳೆಯಿತು.

ಇದನ್ನು ಯಾರೂ ಸಣ್ಣ ಸುದ್ದಿ ಎಂದುಕೊಳ್ಳಲಿಲ್ಲ. ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ. ಅಂಗಡಿಯವರು ಅರ್ಧ ಬಾಗಿಲು ಎಳೆದರು. ದೊರೆ ಬೊಮ್ಮರಸರು ಊಟವನ್ನು ಮಜ್ಜಿಗೆಗೆ ಮೊದಲೇ ಬಿಟ್ಟೆದ್ದು ಮಂತ್ರಿಗಳನ್ನು ಕರೆಸಿದರು. ತನಿಖೆ ನಡೆಯಿತು. ಮೀನು ಹಿಡಿದವನು ಕೊಗ್ಗ, ಪೇಟೆಬೀದಿಯಲ್ಲಿ ಬಟ್ಟೆ ಹೊಲಿಯುವವನು. ಬಂಡೆಯ ಮೇಲೆ ಅವನು ಗಾಳ ಎತ್ತಿದಾಗ ಮೀನು ಒಂದೂವರೆ ಗೇಣು ಇತ್ತೆಂದು ಅಲ್ಲೇ ಕೂತಿದ್ದ ಕಾಗೆ ಸಾಕ್ಷಿ ಹೇಳಿತು. ಆ ರಾಜ್ಯದಲ್ಲಿ ಕಾಗೆಯ ಸಾಕ್ಷಿ ನಡೆಯುತ್ತಿತ್ತು. ಊರಬಾವಿಯ ಹತ್ತಿರ ಬರುವಾಗ ಮೀನು ಒಂದು ಮೊಳವಾಗಿತ್ತು. ಅರಮನೆಯ ಹೆಬ್ಬಾಗಿಲಿನಲ್ಲಿ ಎರಡು ಮೊಳ. ತರಿಸಿ ಅಳೆಯೋಣವೆಂದರೆ ಅದು ಆಗಲೇ ಸಾರಾಗಿತ್ತು. ಯಾವ ಬಂಡೆ ಎಂದು ಮಂತ್ರಿಗಳು ಕೇಳಿದರು. ಕೊಗ್ಗ ಹೇಳಲಿಲ್ಲ. ಕಾಗೆಯೂ ಹೇಳಲಿಲ್ಲ. ಮೀನಿನ ಕರುಳು ಅದಕ್ಕೆ ಅಲ್ಲೇ ಸಿಗುತ್ತಿತ್ತು.

ಗಾಳದ ಮೀನು ಸತ್ತ ಮೇಲೆ ಬೆಳೆಯುವುದು ಈ ರಾಜ್ಯದಲ್ಲಿ ಹಿಂದಿನಿಂದ ಬಂದದ್ದು, ಪ್ರಜೆಗಳು ಹೆದರಬೇಕಾಗಿಲ್ಲ ಎಂದು ಕೊನೆಗೆ ತೀರ್ಪಾಯಿತು.

ತೀರ್ಪು ಸರಿಯಾಗಿಯೇ ಇತ್ತು. ಅಳಿವೆನಾಡಿನಲ್ಲಿ ಹೊಟ್ಟೆಪಾಡಿಗೆ ಬಲೆ ಬೀಸುವವರು ಬೇರೆ, ಖುಷಿಗೆ ಗಾಳ ಹಾಕುವವರು ಬೇರೆ. ಬಲೆಯವರಿಗೆ ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ. ಗಾಳದವರಿಗೆ ಇತ್ತು. ವೈದ್ಯರು, ಅರ್ಚಕರು, ಅಕ್ಕಸಾಲಿಗರು, ಆನೆಯ ಮಾವುತ, ಎಲ್ಲರೂ ಬಿಡುವಾದಾಗ ಬಿದಿರಿನ ಗಳ ಹಿಡಿದು ಒಂದೊಂದು ಬಂಡೆ ಹತ್ತುತ್ತಿದ್ದರು. ಸಂಜೆ ಹೊಳೆಬದಿಯ ಹೊನ್ನೆಮರದ ಕಟ್ಟೆಯಲ್ಲಿ ಸೇರುತ್ತಿದ್ದರು. ಆ ಕಟ್ಟೆಗೆ ಎರಡೇ ಕಟ್ಟಳೆ. ಜಾಗ ಹೇಳಬಾರದು. ಅಳತೆ ಕಡಿಮೆ ಹೇಳಬಾರದು.

ಕೊಗ್ಗ ಅಂಗಿಯ ತೋಳಿಗೆ ಅಳತೆ ಹಿಡಿದರೆ ಎಳ್ಳಷ್ಟು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ಅದೇ ಕೈಯಲ್ಲಿ ಮೀನು ಹಿಡಿದರೆ ಮೊಳವೇ ಬೇರೆಯಾಗುತ್ತಿತ್ತು. ಇದನ್ನು ಅವನ ಹೆಂಡತಿ ಸಂಕಮ್ಮ ಮದುವೆಯಾದ ವರ್ಷದಿಂದ ಕಂಡಿದ್ದಳು. ಅವನು ಕಟ್ಟೆಯಲ್ಲಿ ಅಳತೆ ಹೇಳುವಾಗ ಅವಳು ಹತ್ತಿರದಲ್ಲಿದ್ದರೆ ಅವನ ತೊಡೆಗೆ ಅಂಗೈಯಲ್ಲಿ ಪಟ್ಟನೆ ಒಂದು ಬಿಡುತ್ತಿದ್ದಳು. ಅವನು ಕೂಡಲೇ ಎರಡು ಬೆರಳು ಇಳಿಸುತ್ತಿದ್ದ.

ತೀರ್ಪಿನ ಮಾರನೆಯ ಬೆಳಗ್ಗೆ ಅವಳು ಗಂಟು ಕಟ್ಟಿದಳು.

"ಹ್ವಾಯ್, ನಾನು ತವರಿಗೆ ಹೋಗಿ ಬರ್ತೇನೆ. ಬಾವಿಕಟ್ಟೆಗೆ ಹೋದರೆ 'ಮೀನು ಇವತ್ತು ಎಷ್ಟಾಯ್ತು ಸಂಕಮ್ಮಾ' ಅಂತಾರೆ. ಆ ಮೀನು ಬೆಳೆಯೋದು ನಿಂತ ಮೇಲೆ ಹೇಳಿ ಕಳಿಸಿ."

"ಅದು ಸಾರಾಗಿ ಮೂರು ಹೊತ್ತಾಯ್ತಲ್ಲ ಮಾರಾಯ್ತಿ."

"ನಿಮ್ಮ ಬಾಯಲ್ಲಿ ಇನ್ನೂ ಈಜ್ತಾ ಇದೆ" ಎಂದು ಹೇಳಿ ಅವಳು ಕಡವಿನ ದೋಣಿ ಹತ್ತಿದಳು.

ದೋಣಿ ತುಂಬ ಜನ. ದೊರೆಯ ಭಾವಮೈದುನನೂ ಇದ್ದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮಾತು ಆ ಮೀನಿನದ್ದೇ. ಒಂದೂವರೆ ಗೇಣೇ ಎಂದು ಕೆಲವರು, ಎರಡು ಮೊಳವೇ ಎಂದು ಕೆಲವರು. ಅಳಿವೆಯ ಆಚೆ, ಮಂಜಿನೊಳಗೆ, ಒಬ್ಬ ಮಾಂತ್ರಿಕ ಕಣ್ಣುಮುಚ್ಚಿ ಕೂತಿದ್ದ. ಅವನ ಹೆಸರು ಶಾಂತಯ್ಯ. ಅವನಿಗೆ ಲೋಕದಲ್ಲಿ ಬೇಕಾದದ್ದು ಒಂದೇ, ಸದ್ದಿಲ್ಲದಿರುವುದು. ಅವನು ಕಣ್ಣು ತೆರೆದ. "ಮಾತಾಡದ ಜೀವ ಯಾವುದು?" ಎಂದು ತನ್ನನ್ನೇ ಕೇಳಿಕೊಂಡ. "ಮೀನು" ಎಂದು ಉತ್ತರ ಬಂತು. ಹಿಡಿ ನೀರು ತೆಗೆದು ಎಸೆದ. ದೋಣಿ ಖಾಲಿಯಾಯಿತು. ಸುತ್ತಲ ನೀರಿನಲ್ಲಿ ಚಿನ್ನದ ಬಣ್ಣದ ಕಣ್ಣಿನ ಮೀನುಗಳ ಒಂದು ಗುಂಪು ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿತ್ತು. ಸದ್ದು ಮಾತ್ರ ಇರಲಿಲ್ಲ.

ಅಳಿವೆನಾಡಿನಲ್ಲಿ ಕಡಲಿನ ವಿಷಯ ತಿಳಿದವಳು ಪದುಮಲೆ ಎಂಬವಳು. ಜನ ಪಂಡಿತಮ್ಮ ಎನ್ನುತ್ತಿದ್ದರು. ದಡದಲ್ಲಿ ನಿಂತು ಇದನ್ನು ಕಂಡವರು ಅವಳ ಹತ್ತಿರ ಓಡಿದರು. ಅವಳು ಬಲೆಯವರನ್ನು ಕರೆದುಕೊಂಡು ಹೋಗಿ, ಹೊಂಗಣ್ಣಿನ ಮೀನುಗಳು ಅಳಿವೆ ಬಿಡುವ ಮೊದಲೇ ಅಷ್ಟನ್ನೂ ಹಿಡಿಸಿದಳು. ಬೆನ್ನಿನ ರೆಕ್ಕೆಯ ಬುಡಕ್ಕೆ ಬೆಳ್ಳಿತಂತಿಯಲ್ಲಿ ಒಂದೊಂದು ಕೆಂಪು ಮಣಿ ಕಟ್ಟಿದಳು. ಪ್ರತಿ ಮಣಿಯ ಮೇಲೂ ಬೇರೆ ಬೇರೆ ಗೀರು. ಅಷ್ಟನ್ನೂ ಮತ್ತೆ ನೀರಿಗೆ ಬಿಟ್ಟಳು.

"ಬಿಟ್ಟಿರಾ!" ಎಂದರು ದೊರೆ. "ಅದರಲ್ಲಿ ನಮ್ಮ ಭಾವಮೈದುನನಿದ್ದಾನೆ. ಅರಮನೆಯ ಕೊಳದಲ್ಲಿ ಹಾಕಬಹುದಿತ್ತು."

"ಹಾಕಬಹುದಿತ್ತು ಒಡೆಯಾ. ಆಗ ಅವರು ಸಾಯುವತನಕ ಮೀನಾಗಿಯೇ ಇರುತ್ತಿದ್ದರು. ಆಮೆಯಜ್ಜನನ್ನು ಕೇಳಿ."

ಆಮೆಯಜ್ಜ ಅರಮನೆಯ ಕೊಳದಲ್ಲಿದ್ದ. ದೊರೆಯ ಮುತ್ತಜ್ಜನಿಗಿಂತ ಹಿರಿಯ. ಬೆನ್ನ ಮೇಲೆ ಮಗುಚಿ ಹಾಕಿದರೆ ಮಾತ್ರ ಮಾತಾಡುತ್ತಿದ್ದ. ಮಗುಚಿದರು.

"ಪ್ರತಿ ಹುಣ್ಣಿಮೆ ಮುಸ್ಸಂಜೆಗೆ ಶಾಂತಯ್ಯ ಆ ಮೀನುಗಳನ್ನು ತನ್ನ ಕೊಳಕ್ಕೆ ಎಳೆದುಕೊಳ್ಳುತ್ತಾನೆ" ಎಂದ ಆಮೆಯಜ್ಜ. "ಅವು ಕೊಳದೊಳಗಿರುವಾಗ ಅಲ್ಲಿ ಹೊರಗಿನ ಮನುಷ್ಯರ ಒಂದು ಮಾತು ಕೇಳಿಸಿದರೆ ಮಾಟ ಮುರಿಯುತ್ತದೆ. ಕೊಳದ ಹೊರಗೆ ಉಳಿದ ಮೀನಿಗೆ ಬಿಡುಗಡೆಯಿಲ್ಲ. ಮೂರನೆಯ ಹುಣ್ಣಿಮೆ ಕಳೆದರೆ ಯಾರಿಗೂ ಇಲ್ಲ. ಕೊಳ ಎಲ್ಲಿದೆ ಅಂತ ಕೇಳಬೇಡಿ. ಅದು ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೀನಿಗೆ ದಾರಿ ಗೊತ್ತು. ಕೊಳ ಹತ್ತಿರವಾದಷ್ಟೂ ಒಂದೊಂದು ಹೊಂಗಣ್ಣಿನ ಮೀನೂ ತನ್ನ ತನ್ನ ಅಳತೆಗಿಂತ ಉದ್ದವಾಗುತ್ತದೆ, ದೂರವಾದಷ್ಟೂ ಗಿಡ್ಡ. ಈಗ ನನ್ನನ್ನು ಸರಿಮಾಡಿ, ಬಿಸಿಲು."

ಪದುಮಲೆ ಹೊನ್ನೆಮರದ ಕಟ್ಟೆಗೆ ಬಂದಳು. ಗಾಳದವರೆಲ್ಲ ಎದ್ದು ನಿಂತರು.

"ದೊರೆಗಳ ಹತ್ತಿರ ಇರುವುದು ಕೆಲವೇ ಹಡಗು. ಕಡಲು ದೊಡ್ಡದು. ಆದರೆ ಒಂದೊಂದು ಬಂಡೆಯ ಮೇಲೂ ನೀವು ಒಬ್ಬೊಬ್ಬರು ಕೂತಿದ್ದೀರಿ" ಎಂದಳು. "ಮಣಿ ಕಟ್ಟಿದ ಮೀನು ಗಾಳಕ್ಕೆ ಬಿದ್ದರೆ ಮಣಿಯ ಗೀರು ನೋಡಿ. ಯಾವ ಜಾಗ, ಯಾವ ದಿನ, ಏರುನೀರೋ ಇಳಿನೀರೋ, ಎಷ್ಟು ಉದ್ದ, ಇಷ್ಟು ನೋಡಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಮಣಿ ಕೀಳಬೇಡಿ. ಹಾಗೆಯೇ ನೀರಿಗೆ ಬಿಟ್ಟು ಬಂದು ನನಗೆ ಹೇಳಿ. ಇಷ್ಟೇ ಕೆಲಸ."

"ಇಷ್ಟೇನಾ!" ಎಂದರು ವೈದ್ಯ ಐತಪ್ಪಯ್ಯ. ಗಾಳದವರಲ್ಲಿ ಅವರೇ ಹಿರಿಯರು. "ಆಯಿತು ಪಂಡಿತಮ್ಮ. ಜಾಗ ಅಂದರೆ... ಕಡಲು ಅಂತ ಹೇಳಿದರೆ ಸಾಕಲ್ಲ?"

ಸಾಲದು ಎಂದಳು ಪದುಮಲೆ. ಗಾಳದವರು ಒಬ್ಬೊಬ್ಬರಾಗಿ ಕಟ್ಟೆಯಿಂದ ಇಳಿದು ಹೋದರು.

ಮನೆಗೆ ಬಂದು ಅವಳು ಅಂಗಳದಲ್ಲಿ ಮರಳು ಹರಡಿ, ದಡ, ದ್ವೀಪ, ಬಂಡೆ ಎಲ್ಲವನ್ನೂ ಕೋಲಿನಿಂದ ಗೀರಿದಳು. ಸುದ್ದಿ ಬಂದ ಕಡೆಯೆಲ್ಲ ಇಡಲು ಒಂದು ಮೊರ ಚಿಪ್ಪು ತಂದಿಟ್ಟುಕೊಂಡಳು. ಚಿಪ್ಪು ಮೊರದಲ್ಲೇ ಉಳಿಯಿತು.

ಶಾಂತಯ್ಯನಿಗೆ ವಿಷಯ ತಿಳಿಯಿತು. ಅವನ ಹತ್ತಿರ ಮಾತು ಕಲಿತ ಮೂರು ಪ್ರಾಣಿಗಳಿದ್ದವು. ನೀರುನಾಯಿಯನ್ನು ಕರೆದು, "ಹೋಗಿ ಗಾಳದವರ ಮನಸ್ಸು ಕೆಡಿಸು" ಎಂದ. ಕೆಲಸ ಅಷ್ಟು ಕಷ್ಟದ್ದಲ್ಲ ಎಂದು ಹೊರಡುವಾಗಲೇ ನೀರುನಾಯಿಗೆ ತಿಳಿದಿತ್ತು.

ಕೊಗ್ಗ ತನ್ನ ಬಂಡೆಯ ಮೇಲಿದ್ದ. ದೂರದಿಂದ ನೋಡಿದರೆ ಕಪ್ಪೆ ಕೂತ ಹಾಗೆ ಕಾಣುವ ಕಪ್ಪೆಬಂಡೆ. ಅದರ ತೆಂಕು ಮಗ್ಗುಲಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಜಾಗ, ಕೆಳಗೆ ಆಳವಾದ ಮಡು. ಅಪ್ಪನಿಂದ ಅವನಿಗೆ ಬಂದ ಆಸ್ತಿ ಒಂದು ಕತ್ತರಿ ಮತ್ತು ಈ ಜಾಗ. ಸೀಗಡಿ ಚುಚ್ಚಿ ಗಾಳ ಬಿಟ್ಟ ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು. ಎತ್ತಿದರೆ ಹೊಂಗಣ್ಣು, ಕೆಂಪು ಮಣಿ. ಸಂಕಮ್ಮನೋ, ದೊರೆಯ ಭಾವಮೈದುನನೋ? ಮುಖ ನೋಡಿದ. ಭಾವಮೈದುನನ ಹಾಗೆ ಕಂಡಿತು.

"ಹೇಳಿಬಿಡು" ಎಂದಿತು ನೀರುನಾಯಿ, ಬಂಡೆಯ ಬುಡದಲ್ಲಿ ತಲೆಯೆತ್ತಿ. "ನಾಳೆ ಬೆಳಗ್ಗೆ ಐತಪ್ಪಯ್ಯ ಇಲ್ಲೇ ಕೂತಿರುತ್ತಾರೆ. ಪಕ್ಕದಲ್ಲಿ ಮಾವುತ. ಅವನು ಆನೆಯನ್ನೂ ತರಬಹುದು."

ಕೊಗ್ಗ ಆನೆಯನ್ನು ನೆನೆದುಕೊಂಡ. ಮೀನನ್ನು ನೀರಿಗೆ ಬಿಟ್ಟ. ಆದರೆ ಬಿಡುವ ಮೊದಲು ಮಣಿಯನ್ನು ಬಿಚ್ಚಿ ತನ್ನ ಗಳದ ತುದಿಗೆ ಕಟ್ಟಿಕೊಂಡ. ಮಣಿ ಕಟ್ಟಿದ ಗಳಕ್ಕೆ ಮೀನು ಚೆನ್ನಾಗಿ ಬೀಳುತ್ತದೆಂದು ಕಟ್ಟೆಯಲ್ಲಿ ಆಗಲೇ ಮಾತು ಹುಟ್ಟಿತ್ತು. ಸಂಜೆ ಅಲ್ಲಿ ಹೋಗಿ ನೋಡಿದರೆ ಸುಮಾರು ಗಳಗಳ ತುದಿಯಲ್ಲಿ ಕೆಂಪು ಮಣಿ ಹೊಳೆಯುತ್ತಿತ್ತು. ಯಾರೂ ಯಾರನ್ನೂ ಕೇಳಲಿಲ್ಲ. ಇದಕ್ಕೆ ಆ ಕಟ್ಟೆಯಲ್ಲಿ ಮರ್ಯಾದೆ ಎಂದು ಹೆಸರು.

ಮೊದಲನೆಯ ಹುಣ್ಣಿಮೆ ಹಾಗೇ ಹೋಯಿತು.

ಪದುಮಲೆ ಕಟ್ಟೆಗೆ ಬಂದು ಗಳಗಳನ್ನು ಒಂದೊಂದಾಗಿ ನೋಡಿದಳು. ಬೈಯಲಿಲ್ಲ. "ಮಣಿ ನಿಮಗೆ ಚೆಂದ ಕಾಣಿಸುವುದಾದರೆ ಬೇರೆ ಕೊಡುತ್ತೇನೆ, ನನ್ನಲ್ಲಿ ಬೇಕಷ್ಟಿದೆ" ಎಂದಳು. "ಮೀನಿನ ಮೇಲಿರುವುದನ್ನು ಮಾತ್ರ ಬಿಟ್ಟುಬಿಡಿ. ಮಣಿ ಇಲ್ಲದ ಮೀನು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ." ಆಮೇಲೆ ಕೊಗ್ಗನ ಕಡೆ ತಿರುಗಿದಳು. "ಸಂಕಮ್ಮ ಹೋಗುವ ದಿನ ಏನು ಹೇಳಿ ಹೋದಳು?"

"ಮೀನು ಬೆಳೆಯೋದು ನಿಂತ ಮೇಲೆ ಹೇಳಿ ಕಳಿಸಿ ಅಂದಳು."

"ನಿಂತಿತೇ?"

ಕೊಗ್ಗ ತನ್ನ ಗಳ ಎತ್ತಿಕೊಂಡು ಹೊರಟ. ಮನೆಗೆ ಹೋಗಿ ಒಬ್ಬನೇ ಗಂಜಿ ಬೇಯಿಸಿಕೊಂಡ. ತಳ ಹಿಡಿಯಿತು. "ಅವತ್ತಿನ ಮೀನು ಎರಡು ಮೊಳ ಇತ್ತು" ಎಂದು ಗೋಡೆಗೆ ಹೇಳಿದ. ಗೋಡೆ ಒಪ್ಪಿತು. ತೊಡೆಗೆ ಪಟ್ಟನೆ ಬೀಳಲಿಲ್ಲ. ಅಷ್ಟು ಸುಲಭವಾಗಿ ಒಪ್ಪಿದ್ದು ಅವನಿಗೆ ಸರಿಬರಲಿಲ್ಲ. ಈ ಸಲ ಮಣಿಯ ಮೀನು ಬಿದ್ದರೆ ಹೇಳಿಯೇ ಬಿಡುತ್ತೇನೆಂದು ನಿಶ್ಚಯ ಮಾಡಿದ.

ಎರಡನೆಯ ಸಲ ಶಾಂತಯ್ಯ ಕೊಕ್ಕರೆಯನ್ನು ಕಳಿಸಿದ. ಕೊಗ್ಗನ ಗಾಳಕ್ಕೆ ಮಣಿಯ ಮೀನು ಬಿದ್ದಿತ್ತು. ಒಂದು ಗೇಣು, ಮೇಲೆ ನಾಲ್ಕು ಬೆರಳು. ಈ ಸಲ ಅವನು ಮಣಿ ಮುಟ್ಟಲಿಲ್ಲ. ಗೀರು ನೋಡಿಕೊಂಡು ಮೀನನ್ನು ನೀರಿಗೆ ಬಿಟ್ಟು ಎದ್ದ.

"ಹೇಳಲಿಕ್ಕೆ ಹೊರಟೆಯಾ? ಒಳ್ಳೆಯದು" ಎಂದಿತು ಕೊಕ್ಕರೆ, ಒಂದು ಕಾಲಿನ ಮೇಲೆ ನಿಂತು. "ಆದರೆ ಒಂದು ಗೇಣಿನ ಮೀನು ಹಿಡಿದೆ ಅಂತ ದೊರೆಗಳ ಮುಂದೆ ಹೇಳುತ್ತೀಯಾ? ತನಿಖೆ ಮತ್ತೆ ತೆರೆಯುತ್ತಾರೆ. ಜಾಗ ಗಿಡುಗನ ಕಲ್ಲು ಅನ್ನು. ಅಲ್ಲಿಗೆ ಯಾರು ಹೋದರೂ ನಿನಗೇನು?"

ಕೊಗ್ಗ ಪದುಮಲೆಯ ಅಂಗಳಕ್ಕೆ ಹೋದ. ಮಣಿಯ ಗೀರು ಸರಿಯಾಗಿ ಹೇಳಿದ. ದಿನವನ್ನೂ ನೀರನ್ನೂ ಸರಿಯಾಗಿ ಹೇಳಿದ. ಜಾಗ ಗಿಡುಗನ ಕಲ್ಲು ಎಂದ. ಉದ್ದ ಎರಡು ಮೊಳ ಎಂದ. ಅರ್ಧ ಸತ್ಯ ಹೇಳಿದ ಮೇಲೆ ಅವನಿಗೆ ಮನಸ್ಸು ಹಗುರವೂ ಆಯಿತು.

ಪದುಮಲೆ ಚಿಪ್ಪು ಇಟ್ಟು ನೋಡಿದಳು. ಇಷ್ಟು ಉದ್ದದ ಹೊಂಗಣ್ಣು ಎಂದರೆ ಕೊಳ ಅಲ್ಲೇ ಪಕ್ಕದಲ್ಲಿರಬೇಕು. ಹುಣ್ಣಿಮೆಯ ಸಂಜೆ ಬೊಮ್ಮರಸರ ನೌಕಾಪಡೆ ಗಿಡುಗನ ಕಲ್ಲಿಗೆ ಹೋಯಿತು. ಸೇನಾನಿ ಬೀರಣ್ಣ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಡಲನ್ನು ಗದರಿಸಿದರು. ಅಲ್ಲಿ ಸಿಂಪಿಗಳಿದ್ದವು, ಒಂದು ಏಡಿ ಇತ್ತು. ಏಡಿ ಸೇನಾನಿಯ ಕಾಲ್ಬೆರಳು ಹಿಡಿಯಿತು. ನೌಕಾಪಡೆ ಹಿಂದಿರುಗಿತು. ಎರಡನೆಯ ಹುಣ್ಣಿಮೆಯೂ ಹೋಯಿತು.

ಬೀರಣ್ಣ ಕುಂಟುತ್ತ ದಡಕ್ಕೆ ಬರುವುದನ್ನು ಕೊಗ್ಗ ನೋಡಿದ. ಉಳಿದದ್ದು ಒಂದೇ ಹುಣ್ಣಿಮೆ.

ಮೂರನೆಯ ಸಲ ಶಾಂತಯ್ಯ ಬೆಕ್ಕನ್ನು ಕಳಿಸಿದ. ಕಪ್ಪೆಬಂಡೆಯ ಮೇಲೆ ಅದು ಕೊಗ್ಗನ ಬುಟ್ಟಿಯ ಪಕ್ಕದಲ್ಲಿ ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ಗಾಳ ಎಳೆಯಿತು. ಕೊಗ್ಗ ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದ. ಹೊಂಗಣ್ಣು ಅವನನ್ನು ನೋಡಿತು. ಎಲ್ಲೋ ನೋಡಿದ ನೋಟ.

"ಎಷ್ಟಿರಬಹುದು?" ಎಂದಿತು ಬೆಕ್ಕು.

"ಎರಡು ಮೊಳ" ಎಂದ ಕೊಗ್ಗ. ಬಾಯಿಯ ರೂಢಿ.

ಮೀನು ಬಾಲದಿಂದ ಅವನ ತೊಡೆಗೆ ಪಟ್ಟನೆ ಬಾರಿಸಿತು.

ಕೊಗ್ಗ ತೊಡೆ ಉಜ್ಜಿಕೊಂಡ. "ಒಂದೂವರೆ ಮೊಳ" ಎಂದ.

ಪಟ್.

ಅವನು ಸೊಂಟದ ಅಳತೆಯ ದಾರ ಬಿಚ್ಚಿ, ಮೂತಿಯಿಂದ ಬಾಲದ ತುದಿಯವರೆಗೆ ಹಿಡಿದ. "ಒಂದು ಮೊಳ. ಎರಡು ಬೆರಳು ಕಡಿಮೆ."

ಮೀನು ಸುಮ್ಮನೆ ಮಲಗಿತು.

"ಸಂಕೂ" ಎಂದ ಕೊಗ್ಗ.

"ಅವಳೇ" ಎಂದಿತು ಬೆಕ್ಕು. "ಇನ್ನೇಕೆ ನೀರಿಗೆ ಬಿಡುತ್ತೀ? ಅಲ್ಲಿ ಶಾರ್ಕು ಇದೆ, ಬಲೆ ಇದೆ. ಎಲ್ಲರೂ ನಿನ್ನಂಥವರೇ ಎಂದುಕೊಂಡೆಯಾ? ಮನೆಯಲ್ಲಿ ದೊಡ್ಡ ಹಂಡೆ ಇದೆಯಲ್ಲ, ಉಪ್ಪುನೀರು ತುಂಬಿಸಿ ಇಟ್ಟುಕೋ. ಸುಖವಾಗಿರುತ್ತಾಳೆ. ಮಾತೂ ಆಡುವುದಿಲ್ಲ. ಎಷ್ಟು ಗಂಡಸರಿಗೆ ಆ ಭಾಗ್ಯ?"

ಕೊಗ್ಗ ಹಂಡೆಯನ್ನು ನೆನೆದುಕೊಂಡ. ದಿನವೂ ಬೆಳಗ್ಗೆ ಎದ್ದು ಅದರೊಳಗೆ ಬಗ್ಗಿ ನೋಡುವುದನ್ನು ನೆನೆದುಕೊಂಡ. ಕೊಳದ ಹೊರಗೆ ಉಳಿದ ಮೀನಿಗೆ ಬಿಡುಗಡೆಯಿಲ್ಲ ಎಂದು ಆಮೆಯಜ್ಜ ಹೇಳಿದ್ದೂ ನೆನಪಾಯಿತು. ಅವನಿಗೆ ಆಗ ಗಂಡಸಿನ ಭಾಗ್ಯ ಬೇಕಾಗಿರಲಿಲ್ಲ. ತೊಡೆಗೆ ಬೀಳುವ ಪೆಟ್ಟು ಬೇಕಾಗಿತ್ತು.

"ಹೋಗು ಮಾರಾಯ್ತಿ. ಬಲೆ ನೋಡಿಕೊಂಡು ಹೋಗು" ಎಂದು ಮೀನನ್ನು ನೀರಿಗೆ ಇಳಿಸಿ, ಅದು ಕಿವಿರು ಆಡಿಸಿ ಚೇತರಿಸಿಕೊಳ್ಳುವವರೆಗೂ ಅಂಗೈ ಕೆಳಗಿಟ್ಟು ಹಿಡಿದು, ಬಿಟ್ಟ. ಕೆಂಪು ಮಣಿ ಒಂದು ಕ್ಷಣ ನೀರಿನಲ್ಲಿ ಹೊಳೆಯಿತು, ಆಮೇಲೆ ಇಲ್ಲ.

ಬೆಕ್ಕಿಗೆ ಅಭ್ಯಾಸಬಲದಿಂದ ಬಾಯಲ್ಲಿ ನೀರು ಬಂದಿತ್ತು. ಅದು ಎದ್ದು ಹೋಯಿತು.

ಕೊಗ್ಗ ಅಲ್ಲಿಂದ ನೇರ ಪದುಮಲೆಯ ಅಂಗಳಕ್ಕೆ ಬಂದ. ಅಲ್ಲಿ ಐತಪ್ಪಯ್ಯನವರೂ ಇದ್ದರು, ಪಂಡಿತಮ್ಮನ ತಾಯಿಗೆ ಕಷಾಯ ಕೊಡಲು ಬಂದವರು. ಅವರು ಹೋಗಲಿ ಎಂದು ಕಾಯೋಣವೇ ಎಂದು ಕೊಗ್ಗನಿಗೆ ಒಮ್ಮೆ ಅನ್ನಿಸಿತು. ಕಾಯಲಿಲ್ಲ.

"ಮಣಿಯಲ್ಲಿ ಮೂರು ಗೀರು, ಒಂದು ಅಡ್ಡ. ಕಪ್ಪೆಬಂಡೆಯ ತೆಂಕು ಮಗ್ಗುಲು. ಇವತ್ತು, ಏರುನೀರು. ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ. ನೀರಿಗೆ ಬಿಟ್ಟೆ" ಎಂದ. ಉಸಿರು ತೆಗೆದುಕೊಂಡು, "ಹಿಂದಿನದ್ದೂ ಅದೇ ಬಂಡೆ. ಒಂದು ಗೇಣು, ನಾಲ್ಕು ಬೆರಳು" ಎಂದ.

ಪದುಮಲೆ ಗಿಡುಗನ ಕಲ್ಲಿನ ಚಿಪ್ಪನ್ನು ತೆಗೆದು ಕಪ್ಪೆಬಂಡೆಗೆ ಇಟ್ಟಳು. ಪಕ್ಕದಲ್ಲಿ ಇನ್ನೊಂದು ಇಟ್ಟಳು. ಐತಪ್ಪಯ್ಯನವರು ಕಷಾಯದ ಬಟ್ಟಲು ಹಿಡಿದು ನಿಂತೇ ಇದ್ದರು.

"ಕಪ್ಪೆಬಂಡೆಯ ತೆಂಕು ಮಗ್ಗುಲು" ಎಂದು ಅವರು ಮೆಲ್ಲಗೆ ಹೇಳಿಕೊಂಡರು, ಮಂತ್ರ ಕಲಿಯುವವರ ಹಾಗೆ.

ಮಾರನೆಯ ಬೆಳಗ್ಗೆ ಕಪ್ಪೆಬಂಡೆಯ ಮೇಲೆ ಐತಪ್ಪಯ್ಯನವರಿದ್ದರು. ಅವರು ಬಿಟ್ಟುಬಂದ ನಾಗರಬಂಡೆಯನ್ನು ಮಾವುತ ಕಂಡುಹಿಡಿದ. ಮಾವುತನ ಜಾಗ ಅಕ್ಕಸಾಲಿಗನಿಗೆ ಸಿಕ್ಕಿತು, ಅಕ್ಕಸಾಲಿಗನದ್ದು ಅರ್ಚಕರಿಗೆ. ತಲೆತಲಾಂತರದಿಂದ ಮುಚ್ಚಿಟ್ಟ ಜಾಗಗಳೆಲ್ಲ ನಾಲ್ಕೇ ದಿನದಲ್ಲಿ ಬಯಲಾದವು. ಮುಚ್ಚಿಡಲು ಏನೂ ಉಳಿಯದಿದ್ದಾಗ ಗಾಳದವರು ಬಹಳ ಸತ್ಯವಂತರಾದರು. ದಿನವೂ ಪದುಮಲೆಯ ಅಂಗಳದಲ್ಲಿ ಸರತಿ ನಿಲ್ಲತೊಡಗಿದರು.

"ಅಕ್ಕಸಾಲಿಗರೇ, ಉದ್ದ ಎಷ್ಟು ಅಂದಿರಿ?"

"ಒಂದೂಮುಕ್ಕಾಲು ಮೊಳ ಪಂಡಿತಮ್ಮ."

"ಚಿನ್ನ ತೂಗುವ ಹಾಗೆ ಹೇಳಿ."

"ಒಂದು ಮೊಳ, ಒಂದು ಬೆರಳು" ಎಂದ ಅಕ್ಕಸಾಲಿಗ. ಹಿಂದೆ ನಿಂತವರು ನಕ್ಕರು. ನಕ್ಕವರು ತಮ್ಮ ಸರದಿ ಬರುವಷ್ಟರಲ್ಲಿ ತಮ್ಮ ತಮ್ಮ ಮೀನುಗಳನ್ನೂ ಇಳಿಸಿಕೊಂಡರು.

ಮೊರದ ಚಿಪ್ಪು ಖಾಲಿಯಾಗುತ್ತ ಬಂತು. ಮರಳಿನ ಮೇಲೆ ಮೀನಿನ ದಾರಿ ಮೂಡಿತು. ಕಪ್ಪೆಬಂಡೆಯಿಂದ ನಾಗರಬಂಡೆಗೆ, ಅಲ್ಲಿಂದ ಹೊರಗಡಲಿಗೆ, ಮತ್ತೆ ತಿರುಗಿ ಒಳಕ್ಕೆ. ಹೋದಂತೆಲ್ಲ ಮೀನು ಉದ್ದ. ಕೊನೆಯ ಚಿಪ್ಪುಗಳು ಬಾವಲಿದ್ವೀಪದ ಹಿಂದೆ ಒಂದು ಸುತ್ತು ಹಾಕಿ ನಿಂತಿದ್ದವು. ಸುತ್ತಿನ ನಡುವೆ ಬರೀ ಮರಳು.

"ಅಲ್ಲಿ ಏನೂ ಇಲ್ಲ" ಎಂದರು ಸೇನಾನಿ ಬೀರಣ್ಣ. "ನಾನೇ ನೋಡಿದ್ದೇನೆ. ಬರೀ ಮಂಜು."

"ಅದೇ ಜಾಗ" ಎಂದಳು ಪದುಮಲೆ.

ಮೂರನೆಯ ಹುಣ್ಣಿಮೆಯ ಸಂಜೆ ಹಡಗುಗಳು ಹೊರಟವು. ಹಿಂದೆ ಗಾಳದವರ ಸಣ್ಣ ದೋಣಿಗಳು. ಕೊಗ್ಗ ಪದುಮಲೆಯ ದೋಣಿಯಲ್ಲಿದ್ದ. ಮಂಜಿನೊಳಗೆ ಹೊಕ್ಕರು. ಎದುರಿಗೆ ಕಲ್ಲು ಕಟ್ಟಿದ ಕೊಳ, ಅದರ ತುಂಬ ಬಾಯಿ ತೆರೆಯುತ್ತ ಮುಚ್ಚುತ್ತ ಇರುವ ಹೊಂಗಣ್ಣಿನ ಮೀನುಗಳು. ಕೆಲವಕ್ಕೆ ಮಣಿ ಇತ್ತು, ಕೆಲವಕ್ಕೆ ಇರಲಿಲ್ಲ. ದಂಡೆಯ ಮೇಲೆ ಶಾಂತಯ್ಯ. ಪಕ್ಕದಲ್ಲಿ ನೀರುನಾಯಿ, ಕೊಕ್ಕರೆ, ಬೆಕ್ಕು. ಮೂಡಣದಲ್ಲಿ ಚಂದ್ರನ ಅಂಚು ಆಗಷ್ಟೇ ನೀರಿನಿಂದ ಏಳುತ್ತಿತ್ತು.

ಬೀರಣ್ಣ ಎದೆಯುಬ್ಬಿಸಿ, ಮೂರು ಲೋಕದ ಗಂಡನೂ ಸಮುದ್ರಕ್ಕೇ ಒಡೆಯನೂ ಆದ ಬೊಮ್ಮರಸರ ಹೆಸರಿನಲ್ಲಿ ಎಂದು ಶುರುಮಾಡಿದರು. ತುಟಿ ಆಡಿತು. ಸದ್ದು ಬರಲಿಲ್ಲ. ಐತಪ್ಪಯ್ಯನವರು ಎದ್ದು, ತಾನು ಒಮ್ಮೆ ಒಂಟಿ ಕೈಯಲ್ಲಿ ಶಾರ್ಕನ್ನು ಎಳೆದವನು ಎಂದರು. ಸದ್ದಿಲ್ಲ. ಗಾಳದವರೆಲ್ಲ ಒಟ್ಟಿಗೆ ತಮ್ಮ ತಮ್ಮ ಬಡಾಯಿ ಅಬ್ಬರಿಸಿದರು. ಒಂದು ದೊಡ್ಡ ಮೀನುಗುಂಪಿನ ಹಾಗೆ ಕಂಡರು.

"ನನ್ನ ಮಂಜಿನಲ್ಲಿ ಸುಳ್ಳಿಗೆ ಸದ್ದಿಲ್ಲ" ಎಂದ ಶಾಂತಯ್ಯ. ಅವನ ದನಿ ಸ್ಪಷ್ಟವಾಗಿ ಕೇಳಿಸಿತು. "ಮನುಷ್ಯರನ್ನು ಸುಮ್ಮನಿರಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ಹೊಳೆಯಲಿಲ್ಲ. ಚಂದ್ರ ಪೂರ್ತಿ ಮೇಲೆ ಬರಲಿ, ಆಮೇಲೆ ನೀವು ಹೋಗಬಹುದು."

ಪದುಮಲೆ ಬಾಯಿ ತೆರೆದಳು. ಅಷ್ಟರಲ್ಲಿ ದೋಣಿ ಅಲುಗಿತು. ಕೊಗ್ಗ ಎದ್ದು ನಿಂತಿದ್ದ. ಆ ಹೊತ್ತಿಗೆ ಅವನಿಗೆ ದೊಡ್ಡ ಮಾತು ಯಾವುದೂ ತೋಚಲಿಲ್ಲ. ಬಾಯಿಪಾಠವಾಗಿದ್ದುದು ಒಂದೇ.

"ಮಣಿಯಲ್ಲಿ ಮೂರು ಗೀರು, ಒಂದು ಅಡ್ಡ" ಎಂದ.

ಮಾತು ಗಂಟೆಯ ಹಾಗೆ ಮೊಳಗಿತು. ಶಾಂತಯ್ಯ ಕಿವಿ ಮುಚ್ಚಿಕೊಂಡ.

"ಕಪ್ಪೆಬಂಡೆಯ ತೆಂಕು ಮಗ್ಗುಲು! ಏರುನೀರು! ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ! ನೀರಿಗೆ ಬಿಟ್ಟೆ!"

ಮಂಜು ಹರಿಯಿತು. ಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ಆ ಕಡವಿನ ದೋಣಿಯ ಜನರೆಲ್ಲ ನಿಂತಿದ್ದರು. ಮಣಿ ಇದ್ದವರೂ ಇಲ್ಲದವರೂ ಬಂದಿದ್ದರು. ಮಣಿ ಇದ್ದವರ ಬೆನ್ನಿನಲ್ಲಿ, ಬಟ್ಟೆಗೆ ಸಿಕ್ಕಿಸಿದ ಹಾಗೆ, ಕೆಂಪು ಮಣಿ ತೂಗುತ್ತಿತ್ತು. ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅವರು ಮುಂದುವರಿಸಿದರು.

"ಎರಡು ಮೊಳವೇ ಅಂತೇನೆ!" ಎಂದ ದೊರೆಯ ಭಾವಮೈದುನ.

"ನಿಮ್ಮ ತಲೆ! ಒಂದೂವರೆ ಗೇಣು!" ಎಂದಿತು ಇನ್ನೊಂದು ದನಿ. ಅದು ಸಂಕಮ್ಮನದ್ದು. ಅವಳು ನೀರು ಸೀಳಿಕೊಂಡು ಕೊಗ್ಗನ ದೋಣಿಯ ಹತ್ತಿರ ಬಂದಳು. ಅವನು ಕೈ ಕೊಟ್ಟು ಹತ್ತಿಸಿಕೊಂಡ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಇದಕ್ಕೆ ಮಾಟ ಕಾರಣವಾಗಿರಲಿಲ್ಲ.

"ಹ್ವಾಯ್" ಎಂದಳು ಕೊನೆಗೆ, ಸೆರಗು ಹಿಂಡುತ್ತ. "ಅಳತೆ ಸರಿ ಹೇಳಿದಿರಿ."

"ಹೌದು."

"ಬಂಡೆಯ ಹೆಸರನ್ನೂ ಹೇಳಿಬಿಟ್ಟಿರಲ್ಲ. ಇಷ್ಟು ಜನರ ಎದುರು."

"ಹೌದು ಮಾರಾಯ್ತಿ."

ಅವಳು ಅವನ ತೊಡೆಯ ಮೇಲೆ ಅಂಗೈ ಇಟ್ಟಳು. ಹೊಡೆಯಲಿಲ್ಲ.

ಶಾಂತಯ್ಯನಿಗೆ ಆ ಗದ್ದಲ ತಡೆಯಲಾಗಲಿಲ್ಲ. ಅವನ ಮಾಟವೆಲ್ಲ ಸದ್ದಿಲ್ಲದ ಕಡೆ ಮಾತ್ರ ನಡೆಯುವಂಥದ್ದು. ಅವನು ಕಡಲು ಬಿಟ್ಟು ಬಹಳ ದೂರದ ಉಪ್ಪಿನ ಬಯಲಿಗೆ ಹೋಗಿ ನೆಲೆಸಿದ. ಅಲ್ಲಿ ಯಾರೂ ಇಲ್ಲದ ಕಾರಣ ಸುಖವಾಗಿದ್ದ. ನೀರುನಾಯಿಯೂ ಕೊಕ್ಕರೆಯೂ ನದಿಗೆ ಬಂದವು. ಬೆಕ್ಕು ಕೊಗ್ಗನ ಮನೆಗೆ ಬಂತು. ಕರೆದವರಿಲ್ಲ.

ಪದುಮಲೆ ಮಣಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಗಾಳದವರ ಬಾಯಿಗೆ ಸತ್ಯ ರೂಢಿಯಾಗಿರುವಾಗಲೇ ಕೆಲಸ ಮುಗಿಸಬೇಕೆಂದು ಬೇರೆ ಮೀನಿಗೂ, ಅಂಜಲು ಎಂಬ ಕಡಲ ಮೀನಿಗೆ, ಕಟ್ಟತೊಡಗಿದಳು. ಅಂಜಲಿನಲ್ಲಿ ಯಾರ ನೆಂಟರೂ ಇರಲಿಲ್ಲ. ಆದರೂ ಜನ ಬಂದು ಮಣಿಯ ಗೀರು, ಜಾಗ, ನೀರು, ಉದ್ದ ಹೇಳಿ ಹೋದರು. ಹೇಳಿದವರಿಗೆ ಅವಳು ಆ ಮೀನು ಮೊದಲು ಎಲ್ಲಿ ಕಂಡಿತ್ತು, ಅಷ್ಟರಲ್ಲಿ ಎಷ್ಟು 'ಬೆಳೆದಿದೆ' ಎಂದು ತಿರುಗಿ ಹೇಳುತ್ತಿದ್ದಳು. ಬದುಕಿರುವಾಗಲೂ ಮೀನು ಬೆಳೆಯುತ್ತದೆಂದು ಕಟ್ಟೆಯವರಿಗೆ ತಿಳಿದದ್ದು ಆಗಲೇ. ಮಳೆಗಾಲ ಮುಗಿಯುವಾಗ ಅಂಜಲು ಬಾವಲಿದ್ವೀಪದ ಹಿಂದೆ ಮೊಟ್ಟೆಯಿಡುತ್ತದೆ ಎಂಬುದು ಮರಳಿನ ಮೇಲೆ ಕಾಣಿಸಿತು. ಆ ತಿಂಗಳಲ್ಲಿ ಅಲ್ಲಿ ಯಾರೂ ಬಲೆಯನ್ನಾಗಲಿ ಗಾಳವನ್ನಾಗಲಿ ಹಾಕಬಾರದೆಂದು ದೊರೆ ಅಪ್ಪಣೆ ಮಾಡಿದರು. ಮುಂದಿನ ವರ್ಷ ಬಲೆಯವರಿಗೂ ಗಾಳದವರಿಗೂ ಅಂಜಲು ಹೆಚ್ಚು ಸಿಕ್ಕಿತು. ಎಲ್ಲರೂ ಉಂಡರು, ಚೆನ್ನಾಗಿದ್ದರು.

ಕಪ್ಪೆಬಂಡೆಯ ತೆಂಕು ಮಗ್ಗುಲಲ್ಲಿ ಈಗ ದಿನವೂ ಹನ್ನೊಂದು ಜನ ಸರದಿಯಂತೆ ಕೂರುತ್ತಾರೆ. ಕೊಗ್ಗನಿಗೆ ವಾರದಲ್ಲಿ ಎರಡು ದಿನ ಜಾಗ ಸಿಗುತ್ತದೆ.